ಸ್ವಿಚ್ ಲೈಟ್‌ಗೆ ಮೊದಲ ಜೆಆರ್‌ಪಿಜಿ ಯಾವುದಿರಬೇಕು? ಮೆಟ್ರೋದಲ್ಲಿ 40 ನಿಮಿಷ, ಮನೆಯಲ್ಲಿ ಮಗಳ ಜೊತೆ ಅರ್ಧ ಗಂಟೆ

ಕೆಂಗೇರಿ_ಪಯಣಿಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ಸಲ ಊರಿಗೆ ಬಂದಾಗ ಕೈಯಲ್ಲಿ ಹಿಡಿದು ಆಡುವ ತನ್ನ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್ ಲೈಟ್ ಅನ್ನು ನನಗೆ ಕೊಟ್ಟು ಹೋಗಿದ್ದಾನೆ. ಕಾಲೇಜಿನ ದಿನಗಳಲ್ಲಿ ಗೆಳೆಯನ ಗೇಮ್‌ಬಾಯ್‌ನಲ್ಲಿ ಪೋಕೆಮಾನ್ ಆಡಿದ್ದು ಬಿಟ್ಟರೆ ಈ ಬಗೆಯ ಆಟಗಳ ಅನುಭವ ನನಗಿಲ್ಲ. ಆದರೆ ಒಂದು ಕಥೆಯ ಒಳಗೆ ವಾರಗಟ್ಟಲೆ ಓಡಾಡಿಕೊಂಡಿರುವ ಸುಖ ಇನ್ನೂ ನೆನಪಿದೆ. ಅದಕ್ಕಾಗಿಯೇ ಜಪಾನೀ ರೋಲ್ ಪ್ಲೇಯಿಂಗ್ ಆಟಗಳನ್ನು, ಎಲ್ಲರೂ ಜೆಆರ್‌ಪಿಜಿ ಎಂದು ಕರೆಯುವ ಆಟಗಳನ್ನು, ಆಡಬೇಕೆಂದುಕೊಂಡಿದ್ದೇನೆ.

ನನ್ನ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನೇರಳೆ ಮಾರ್ಗದಲ್ಲಿ ಕೆಂಗೇರಿಯಿಂದ ಇಂದಿರಾನಗರಕ್ಕೆ ಹೋಗಿಬರುತ್ತೇನೆ. ಬೆಳಿಗ್ಗೆ ಹೋಗುವಾಗ ಹೆಚ್ಚಿನ ದಿನ ನಿಂತೇ ಇರುತ್ತೇನೆ, ಸಂಜೆ ಅದೃಷ್ಟವಿದ್ದರೆ ಸೀಟು ಸಿಗುತ್ತದೆ. ರಾತ್ರಿ ಊಟವಾದ ಮೇಲೆ ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಕುಳಿತು ನೋಡುತ್ತಾಳೆ, ತನಗೂ ಕೊಡು ಎನ್ನುತ್ತಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷ್ ಓದಬಲ್ಲೆ, ಆದರೆ ಸುತ್ತಿಬಳಸಿದ ಮಾತುಗಳನ್ನು ಎರಡು ಸಲ ಓದಬೇಕಾಗುತ್ತದೆ. ಕನ್ನಡಕವೂ ಬಂದಿದೆ.

ಎಲ್ಲಿ ಹುಡುಕಿದರೂ ಅದೇ ಹತ್ತು ಹೆಸರುಗಳ ಪಟ್ಟಿ ಸಿಗುತ್ತದೆ. ಪ್ರತಿಯೊಂದನ್ನೂ ಶ್ರೇಷ್ಠ ಎನ್ನುತ್ತಾರೆ, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಒಂದೇ ಒಂದು ಆಟ ಕೊಳ್ಳಬೇಕಾದರೆ ಯಾವುದನ್ನು, ಏಕೆ ಕೊಳ್ಳಬೇಕು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹೊಂಗೆನೆರಳು

ನಮಸ್ಕಾರ. ನೀವು ಇಷ್ಟು ವಿವರ ಕೊಟ್ಟದ್ದು ಒಳ್ಳೆಯದಾಯಿತು. ಹೆಸರಾಂತ ಆಟವೊಂದನ್ನು ಕೊಂಡು, ಹತ್ತು ಗಂಟೆ ಆಡಿ, ಬೇಸತ್ತು ಮೂಲೆಗಿಟ್ಟವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನ ಸಲ ಆಟದಲ್ಲಿ ದೋಷವೇನೂ ಇರುವುದಿಲ್ಲ. ಕೈಯಲ್ಲಿ ಹಿಡಿದು ಬಿಡುವು ಬಿಡುವಾಗಿ ಆಡುವವರ ದಿನಚರಿಗೆ ಅದು ಒಗ್ಗಿರುವುದಿಲ್ಲ, ಅಷ್ಟೆ. ಆದ್ದರಿಂದ ಕಥೆ ಹೇಗಿದೆ ಎಂದು ಕೇಳುವುದಕ್ಕೆ ಮೊದಲು, ಆಟವನ್ನು ನಡುವೆ ಎಲ್ಲಿ ನಿಲ್ಲಿಸಬಹುದು, ನಾಲ್ಕು ದಿನ ಬಿಟ್ಟು ಬಂದರೆ ದಾರಿ ಮತ್ತೆ ಸಿಗುತ್ತದೆಯೇ, ಅಕ್ಷರಗಳು ಕಣ್ಣಿಗೆ ಕಾಣುತ್ತವೆಯೇ, ಒಂದು ಕಾಳಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಕೇಳುತ್ತೇನೆ. ಕೈಗೇಮಿಗೆ ಆರಿಸುವಾಗ ಇವೇ ಮುಖ್ಯ.

ಸೇವ್ ಮಾಡುವ ವಿಚಾರದಿಂದ ಶುರುಮಾಡುತ್ತೇನೆ. ಪವರ್ ಗುಂಡಿ ಒತ್ತಿದರೆ ಸ್ವಿಚ್ ಮಲಗುತ್ತದೆ, ಮತ್ತೆ ಒತ್ತಿದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಹಾಗಾಗಿ ಸೇವ್ ಮಾಡುವ ಜಾಗ ಎಲ್ಲಿದ್ದರೇನು ಎಂದು ಕೆಲವರು ವಾದಿಸುತ್ತಾರೆ. ಒಬ್ಬರೇ ಒಂದೇ ಆಟ ಆಡುವಾಗ ಆ ಮಾತು ಸರಿ. ಆದರೆ ಸ್ವಿಚ್‌ನಲ್ಲಿ ಒಮ್ಮೆಗೆ ಒಂದು ಆಟ ಮಾತ್ರ ತೆರೆದಿರಲು ಸಾಧ್ಯ, ಇನ್ನೊಂದನ್ನು ತೆರೆಯಬೇಕಾದರೆ ಮೊದಲಿನದನ್ನು ಮುಚ್ಚಲೇಬೇಕು. ನಮ್ಮ ಮನೆಯಲ್ಲಿ ಒಂದು ಸಂಜೆ ನಾನು ಗುಹೆಯೊಂದರ ತಳದವರೆಗೆ ಇಳಿದು, ಬಾಸ್‌ನ (ಅಲ್ಲಿನ ದೊಡ್ಡ ಎದುರಾಳಿಯ) ಬಾಗಿಲ ಮುಂದೆ ಮಲಗಿಸಿಟ್ಟಿದ್ದೆ. ಮಗ ತನ್ನ ಕಾರ್ ರೇಸ್ ತೆರೆದ, ಯಂತ್ರ ಕೇಳಿದ ಪ್ರಶ್ನೆಗೆ ಹೌದು ಎಂದು ಒತ್ತಿದ, ನನ್ನ ಐವತ್ತು ನಿಮಿಷ ಹೋಯಿತು. ಅವನಿಗೆ ಆ ಪ್ರಶ್ನೆಯ ಅರ್ಥ ಗೊತ್ತಿರಲಿಲ್ಲ. ನಿಮ್ಮ ಮಗಳೂ ಅದೇ ಯಂತ್ರ ಬಳಸುವುದರಿಂದ, ಎಲ್ಲಿ ಬೇಕಾದರೂ ಸೇವ್ ಮಾಡಬಹುದಾದ ಆಟ ಅಥವಾ ತಾನಾಗಿಯೇ ಆಗಾಗ ಸೇವ್ ಮಾಡಿಕೊಳ್ಳುವ ಆಟ ನಿಮಗೆ ಬೇಕೇಬೇಕು.

ಕೈಗೇಮಿನ ಜೆಆರ್‌ಪಿಜಿಗಳಲ್ಲಿ ಈ ಅನುಕೂಲ ಹಳೆಯದೇ. 1989ರ ಡಿಸೆಂಬರ್‌ನಲ್ಲಿ ಗೇಮ್‌ಬಾಯ್‌ಗೆ ಬಂದ, ಸಾಗಾ ಎಂಬ ಸರಣಿಯ ಮೊದಲ ಆಟದಲ್ಲಿಯೇ ಕಾಳಗದ ಹೊರಗೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದಿತ್ತು. ನೀವು ಆಡಿದ ಪೋಕೆಮಾನ್‌ನಲ್ಲಿಯೂ ಹಾಗೆಯೇ. ಟಿವಿಗೆಂದು ಮಾಡಿದ ಆಟಗಳು ಮುಂದೆ ಕೈಗೇಮಿಗೆ ಬಂದಾಗ, ಗೊತ್ತಾದ ಜಾಗದಲ್ಲಿ ಮಾತ್ರ ಸೇವ್ ಮಾಡುವ ತೊಡಕೂ ಜೊತೆಗೆ ಬಂತು.

ಎರಡನೆಯದು ಪರದೆ. ಮೊದಲ ಸ್ವಿಚ್‌ನದು 6.2 ಇಂಚು, ಓಎಲ್‌ಇಡಿ ಮಾದರಿಯದು 7 ಇಂಚು, ನಿಮ್ಮ ಲೈಟ್‌ನದು 5.5 ಇಂಚು. ಮೂರರಲ್ಲಿಯೂ ಚಿತ್ರದ ಬಿಂದುಗಳ ಸಂಖ್ಯೆ ಒಂದೇ, ಅಂದರೆ 720ಪಿ. ಹಾಗಾಗಿ ಅದೇ ಅಕ್ಷರ ಲೈಟ್‌ನಲ್ಲಿ ಇನ್ನಷ್ಟು ಚಿಕ್ಕದಾಗುತ್ತದೆ, ಮತ್ತು ಲೈಟ್ ಅನ್ನು ಟಿವಿಗೆ ಜೋಡಿಸಲೂ ಬರುವುದಿಲ್ಲ. ‘ಫೈರ್ ಎಂಬ್ಲಮ್: ಥ್ರೀ ಹೌಸಸ್’ ನನಗೆ ಬಹಳ ಇಷ್ಟವಾದ ಆಟ, ಆದರೆ ಅದರ ಅಕ್ಷರಗಳು ಲೈಟ್‌ನಲ್ಲಿ ನನ್ನ ಕಣ್ಣಿಗೆ ಶಿಕ್ಷೆಯೇ ಆಗಿದ್ದವು. ಕನ್ನಡಕದವರಿಗೆ ಅದನ್ನು ಮೊದಲ ಆಟವಾಗಿ ನಾನು ಹೇಳಲಾರೆ.

ಮೂರನೆಯದು ನಿಂತು ಆಡುವುದು. ಒಂದು ಕೈ ಮೆಟ್ರೋದ ಹಿಡಿಕೆಯ ಮೇಲಿದ್ದಾಗ, ಸರಿಯಾದ ಕ್ಷಣಕ್ಕೆ ಹಾರಿ ತಪ್ಪಿಸಿಕೊಳ್ಳಬೇಕಾದ ‘ಈಸ್ 8’ರಂಥ ಆಟಗಳನ್ನು ಆಡಲಾಗದು. ಸರದಿಯ ಕಾಳಗವಿರುವ ಆಟಗಳಲ್ಲಿ ಆ ಕಷ್ಟವಿಲ್ಲ. ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ ಜನ ನುಗ್ಗಿ, ನೀವು ಐದು ನಿಮಿಷ ಪರದೆಯತ್ತ ನೋಡಲು ಆಗದಿದ್ದರೂ, ಎದುರಾಳಿ ನಿಮ್ಮ ಸರದಿ ಮುಗಿಯುವವರೆಗೆ ಕಾಯುತ್ತಾನೆ.

ನಿಮ್ಮ ಬಿಡುವು ಚಿಕ್ಕದು, ಆಟವೂ ಚಿಕ್ಕದಿರಲಿ. ಈ ಲೆಕ್ಕದಲ್ಲಿ ನಿಮಗೆ ನಾನು ಹೇಳುವುದು ‘ಲೈವ್ ಎ ಲೈವ್’, ಅದಾದ ಮೇಲೆ ‘ಆಕ್ಟೋಪಾತ್ ಟ್ರಾವೆಲರ್ 2’. ಕಾರಣಗಳನ್ನು ನಾಳೆ ವಿವರವಾಗಿ ಬರೆಯುತ್ತೇನೆ.

ರಾತ್ರಿಪಾಳಿ

ಹೊಂಗೆನೆರಳು ಅವರು ಹೇಳಿದ ಹೆಚ್ಚಿನದನ್ನು ನಾನೂ ಒಪ್ಪುತ್ತೇನೆ, ಆದರೆ ಒಂದು ಮಾತಿಗೆ ತಕರಾರಿದೆ. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಎರಡರಿಂದ ಮೂರರ ನಡುವೆ ಸಿಗುವ ವಿರಾಮದಲ್ಲಿ ಆಡುತ್ತೇನೆ, ಅದು ಕೆಲವೊಮ್ಮೆ ಹದಿನೈದೇ ನಿಮಿಷ. ಬಿಡುವು ಚಿಕ್ಕದು ಎಂದ ಮಾತ್ರಕ್ಕೆ ಆಟವೂ ಚಿಕ್ಕದಿರಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ.

2022ರ ಜುಲೈನಲ್ಲಿ ಬಂದ ‘ಝೆನೊಬ್ಲೇಡ್ ಕ್ರಾನಿಕಲ್ಸ್ 3’ ಅನ್ನು ನಾನು ಐದು ತಿಂಗಳು ಹೀಗೆ ತುಣುಕು ತುಣುಕಾಗಿಯೇ ಆಡಿ ಮುಗಿಸಿದೆ. ಕಾಳಗದ ನಡುವೆ ಮತ್ತು ಕಥೆಯ ದೃಶ್ಯಗಳ ನಡುವೆ ಬಿಟ್ಟರೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಬೆಟ್ಟದ ತುದಿಗೆ ಹೋಗಿ ನಿಂತು, ಕೆಳಗೆ ಕಾಣುವ ಬಯಲಿನ ಆ ಕೊನೆಯವರೆಗೂ ನಡೆದೇ ಹೋಗಬಹುದು ಎಂದು ತಿಳಿದಾಗ ಆಗುವ ಖುಷಿ, ವಾರ್ಡಿನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಕುಳಿತವಳಿಗೆ ದೊಡ್ಡದೇ. ಮೋನೊಲಿಥ್ ಸಾಫ್ಟ್‌ನವರು, ಅಂದರೆ ಆ ಆಟವನ್ನು ಮಾಡಿದವರು, ಅದರಲ್ಲೂ ಅಲ್ಲಿನ ತೆತ್ಸುಯಾ ತಾಕಾಹಾಶಿ, ಭೂದೃಶ್ಯ ಕಟ್ಟುವುದರಲ್ಲಿ ಬೇರೆಯೇ ಮಟ್ಟದವರು.

ಹಾಗೆಂದು ಆ ಸರಣಿಯ ಎಲ್ಲವನ್ನೂ ಲೈಟ್‌ಗೆ ಹೇಳುವುದಿಲ್ಲ. 2017ರ ‘ಝೆನೊಬ್ಲೇಡ್ 2’ ಕೈಯಲ್ಲಿ ಆಡುವಾಗ ಚಿತ್ರ ಬಹಳ ಮಸುಕಾಗುತ್ತದೆ, ದೂರದ ಮರ ಯಾವುದು, ಮನುಷ್ಯ ಯಾರು ಎಂದು ತಿಳಿಯದಷ್ಟು. ಕಥೆಯ ದೃಶ್ಯಗಳು ಕೂಡ ಉದ್ದ. ಒಮ್ಮೆ ಶುರುವಾದರೆ ಕಾಲು ಗಂಟೆ ಕಣ್ಣು ತೆಗೆಯುವ ಹಾಗಿಲ್ಲ, ಇಳಿಯುವ ನಿಲ್ದಾಣ ದಾಟಿಹೋದೀತು.

ಇನ್ನೊಂದು ಎಚ್ಚರಿಕೆ. ‘ಪರ್ಸೋನಾ 5 ರಾಯಲ್’ ಅನ್ನು ಎಲ್ಲರೂ ಹೇಳುತ್ತಾರೆ, ಆಟವೂ ಸೊಗಸಾಗಿದೆ. ಆದರೆ ಅದು ಶಾಲಾ ವರ್ಷವೊಂದರ ದಿನದಿನದ ಕಥೆ, ನೂರು ಗಂಟೆಗೂ ಮೀರುತ್ತದೆ, ಶುರುವಿನ ಕೆಲವು ಗಂಟೆಗಳಲ್ಲಿ ಮಾತೇ ಹೆಚ್ಚು. ಮೊದಲ ಭಾಗದಲ್ಲಿಯೇ ಶಿಕ್ಷಕನೊಬ್ಬನಿಂದ ವಿದ್ಯಾರ್ಥಿಗಳ ಮೇಲಾಗುವ ದೌರ್ಜನ್ಯದ ಪ್ರಸಂಗವಿದೆ. ಮಗು ಪಕ್ಕದಲ್ಲಿ ಕೂರುವ ಮನೆಯಲ್ಲಿ ಅದನ್ನು ರಾತ್ರಿ ಊಟದ ನಂತರ ತೆರೆಯಬೇಡಿ.

ಅಕ್ಷರಪ್ರೀತಿ

ಧಾರವಾಡದ ಕಡೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪ್ರಶ್ನೆ ಕೇಳಿದವರು ಭಾಷೆಯ ವಿಷಯ ಎತ್ತಿದ್ದರಿಂದ ಅದೊಂದರ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ಆಟ ಆರಿಸುವಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಪಾನಿನ ಆಟಗಳನ್ನು ಇಂಗ್ಲಿಷಿಗೆ ತರುವವರು ಕೆಲವೊಮ್ಮೆ ಬೇಕೆಂದೇ ಕಷ್ಟದ ಇಂಗ್ಲಿಷ್ ಬಳಸುತ್ತಾರೆ. 2018ರ ಮೊದಲ ‘ಆಕ್ಟೋಪಾತ್ ಟ್ರಾವೆಲರ್’‌ನಲ್ಲಿ ಹಾನಿಟ್ ಎಂಬ ಬೇಟೆಗಾರ್ತಿ ಇದ್ದಾಳೆ. ಅವಳೂ ಅವಳ ಹಳ್ಳಿಯವರೂ ಆಡುವುದು ನೂರಾರು ವರ್ಷ ಹಿಂದಿನದೆಂದು ತೋರುವ ಇಂಗ್ಲಿಷ್. ಕ್ರಿಯಾಪದಗಳ ಕೊನೆಗೆ ಈಗಿಲ್ಲದ ಪ್ರತ್ಯಯಗಳು ಬರುತ್ತವೆ. ಕನ್ನಡದ ಆಟವೊಂದರಲ್ಲಿ ಒಂದು ಹಳ್ಳಿಯವರೆಲ್ಲ ಪಂಪನ ಕಾಲದ ಕನ್ನಡದಲ್ಲಿ ಮಾತನಾಡಿದರೆ ಹೊರಗಿನಿಂದ ಬಂದ ಓದುಗನಿಗೆ ಹೇಗಾದೀತು, ಹಾಗೆ. ನನ್ನ ವಿದ್ಯಾರ್ಥಿಯೊಬ್ಬ ಅವಳ ಕಥೆಯಿಂದಲೇ ಆಟ ಶುರುಮಾಡಿ, ತನಗೆ ಇಂಗ್ಲಿಷೇ ಬರುವುದಿಲ್ಲವೇನೋ ಎಂದು ಕುಗ್ಗಿಹೋಗಿದ್ದ. ಎಂಟು ಮಂದಿಯಲ್ಲಿ ಯಾರಿಂದ ಬೇಕಾದರೂ ಶುರುಮಾಡಬಹುದಾದ್ದರಿಂದ, ವ್ಯಾಪಾರಿ ಹುಡುಗಿ ಟ್ರೆಸಾಳಿಂದ ಆರಂಭಿಸು ಎಂದು ಹೇಳಿದೆ. ಅವಳ ಮಾತು ಸರಳ, ಕಥೆಯೂ ಹಗುರ. ಅವನು ಈಗ ಆಟ ಮುಗಿಸಿದ್ದಾನೆ.

‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’ನಲ್ಲಿ ಇನ್ನೊಂದು ಬಗೆ. ಅಲ್ಲಿ ಊರಿಗೊಂದು ಮಾತಿನ ಧಾಟಿ. ಗೊಂಡೋಲಿಯಾ ಎಂಬ ಬಂದರಿನವರು ಇಟಲಿಯವರ ಹಾಗೆ ಇಂಗ್ಲಿಷ್ ಎಳೆಯುತ್ತಾರೆ. ಬಿಸಿನೀರಿನ ಬುಗ್ಗೆಗಳ ಹಾಟೊ ಊರಿನವರು ಹೈಕು ಛಂದಸ್ಸಿನಲ್ಲಿ, ಐದು ಏಳು ಐದರ ಲೆಕ್ಕದಲ್ಲಿ, ಮಾತನಾಡುತ್ತಾರೆ. ಅನುವಾದಕರ ಶ್ರದ್ಧೆಗೆ ತಲೆಬಾಗಬೇಕು. ಧಾರವಾಡ, ಮಂಗಳೂರು, ಚಾಮರಾಜನಗರದ ಕನ್ನಡಗಳ ನಡುವೆ ಓಡಾಡಿದ ನಮಗೆ ಆ ಸುಖ ಬೇಗ ತಿಳಿಯುತ್ತದೆ. ಆದರೂ ಉಚ್ಚಾರಣೆಯನ್ನು ತೋರಿಸಲು ಕಾಗುಣಿತವನ್ನೇ ಬದಲಿಸಿರುವುದರಿಂದ, ಇಂಗ್ಲಿಷನ್ನು ಕಣ್ಣಿನಿಂದ ಕಲಿತವರಿಗೆ ಅದು ಕಷ್ಟವಾಗುತ್ತದೆ. ಅಂಥ ಕಡೆ ಸಾಲನ್ನು ಬಾಯಿಬಿಟ್ಟು ಓದಿ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ.

ಸಂಭಾಷಣೆಗೆ ಧ್ವನಿ ಇರುವ ಆಟಗಳು ಕನ್ನಡ ಮಾಧ್ಯಮದವರಿಗೆ ಅನುಕೂಲ, ಏಕೆಂದರೆ ಓದುವಾಗ ತಪ್ಪಿದ್ದನ್ನು ನಟರ ದನಿಯ ಏರಿಳಿತ ತಿಳಿಸುತ್ತದೆ. ಹೊಂಗೆನೆರಳು ಅವರು ಹೇಳಿದ ‘ಲೈವ್ ಎ ಲೈವ್’‌ನ ಹೊಸ ರೂಪದಲ್ಲಿ ಧ್ವನಿ ಇದೆ. ‘ಶಿನ್ ಮೆಗಾಮಿ ಟೆನ್ಸೆ 5’, ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಇವುಗಳ ಭಾಷೆ ಗಟ್ಟಿ. ಅವುಗಳನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಕೆಂಗೇರಿ_ಪಯಣಿಗ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಕ್ಷರಪ್ರೀತಿ ಮೇಡಂ, ನಿಮ್ಮ ವಿದ್ಯಾರ್ಥಿಯ ಪ್ರಸಂಗ ಓದಿ ಸಮಾಧಾನವಾಯಿತು. ತಮ್ಮನ ಯಂತ್ರದಲ್ಲಿದ್ದ ಡೆಮೊ ಒಂದನ್ನು ತೆರೆದು ನಾನೂ ಹಾಗೆಯೇ ಹಿಂಜರಿದಿದ್ದೆ.

ಎರಡು ಅನುಮಾನಗಳಿವೆ. ತಿಂಗಳ ಕೊನೆಯ ವಾರ ಕಚೇರಿಯಲ್ಲಿ ಲೆಕ್ಕ ಮುಗಿಸುವ ಕೆಲಸವಿರುತ್ತದೆ, ಆ ಎಂಟು ಹತ್ತು ದಿನ ಆಟ ಮುಟ್ಟಲು ಆಗುವುದಿಲ್ಲ. ಅಷ್ಟು ಬಿಟ್ಟು ಬಂದರೆ ದೊಡ್ಡ ಕಥೆಯ ಎಳೆ ತಪ್ಪಿಹೋಗುವುದಿಲ್ಲವೇ? ಇನ್ನೊಂದು, ಮಗಳ ಜೊತೆ ಆಡಲು ಬೇರೆ ಆಟ ಬೇಕೇ, ಇಲ್ಲವೇ ಇದೇ ಸಾಕೇ?

ಹೊಂಗೆನೆರಳು

ಎಳೆ ತಪ್ಪುವ ವಿಚಾರದಲ್ಲಿ ‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’ ಅನ್ನು ಮೆಚ್ಚಲೇಬೇಕು. ಸೇವ್ ಮಾಡಿದ ಕಡತವನ್ನು ತೆರೆದ ಕೂಡಲೇ ಕಥೆ ಇಲ್ಲಿಯವರೆಗೆ ಏನಾಯಿತು ಎಂಬುದನ್ನು ಅದು ನಾಲ್ಕು ಸಾಲಿನಲ್ಲಿ ಹೇಳುತ್ತದೆ. ಜೊತೆಗಾರರನ್ನು ಮಾತನಾಡಿಸಿದರೆ ಮುಂದೆ ಎಲ್ಲಿಗೆ ಹೋಗಬೇಕಿತ್ತು ಎಂದು ನೆನಪಿಸುತ್ತಾರೆ. 1986ರ ಮೇ 27ರಂದು ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಬಂದಾಗಿನಿಂದ ಅದರ ಸೃಷ್ಟಿಕರ್ತ ಯುಜಿ ಹೊರಿಯಿ ಅವರು ಆಟಗಾರನ ಕೈಹಿಡಿದು ನಡೆಸುವುದನ್ನು ಬಿಟ್ಟಿಲ್ಲ, ಆ ಸೌಜನ್ಯ ನನಗೆ ಬಹಳ ಇಷ್ಟ. ಅಕಿರಾ ತೊರಿಯಾಮಾ ಬರೆದ ರಾಕ್ಷಸರ ಮುಖಗಳಂತೂ ನಿಮ್ಮ ಮಗಳಿಗೆ ಹಿಡಿಸುತ್ತವೆ. ಅವರು 2024ರಲ್ಲಿ ತೀರಿಕೊಂಡರು ಎಂದು ಕೇಳಿದ ದಿನ ನಾನು ಆ ಆಟ ತೆರೆದು, ಏನೂ ಮಾಡದೆ, ಹುಲ್ಲುಗಾವಲಿನಲ್ಲಿ ಕುಪ್ಪಳಿಸುವ ನೀಲಿ ಸ್ಲೈಮ್‌ಗಳನ್ನು ನೋಡುತ್ತ ಕುಳಿತಿದ್ದೆ.

ಆದರೂ ಅದನ್ನು ಮೊದಲ ಆಟ ಎನ್ನಲು ಹಿಂದೆಮುಂದೆ ನೋಡುತ್ತಿರುವುದು ಅದರ ಉದ್ದಕ್ಕಾಗಿ. ಕಥೆಗೆ ಅರವತ್ತು ಗಂಟೆ, ಕಥೆ ಮುಗಿಯಿತು ಎಂದುಕೊಂಡ ಮೇಲೆ ಬರುವ ಭಾಗಕ್ಕೆ ಇನ್ನೂ ಹಲವು ಗಂಟೆ. ನಿಮ್ಮ ಲೆಕ್ಕದಲ್ಲಿ ಅದು ಅರ್ಧ ವರ್ಷ. ಈ ಬಗೆಯ ಆಟ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಅಷ್ಟು ಕಾಯಬೇಕಾಗಿಲ್ಲ.

‘ಲೈವ್ ಎ ಲೈವ್’ ಮೊದಲು ಬಂದದ್ದು 1994ರಲ್ಲಿ, ನಿಂಟೆಂಡೊದ ಹಳೆಯ ಟಿವಿ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ಗೆ, ಜಪಾನಿನಲ್ಲಿ ಮಾತ್ರ. ಹೊರಗಿನವರಿಗೆ ಅಧಿಕೃತವಾಗಿ ಸಿಕ್ಕಿದ್ದು 2022ರ ಜುಲೈ 22ರಂದು, ಸ್ವಿಚ್‌ನ ಹೊಸ ರೂಪದಲ್ಲಿ. ಮೂಲ ಆಟದ ನಿರ್ದೇಶಕರು ತಾಕಾಶಿ ತೊಕಿತಾ, ಸಂಗೀತ ಯೋಕೊ ಶಿಮೊಮುರಾ ಅವರದು. ಒಂದೇ ಉದ್ದ ಕಥೆಯ ಬದಲು ಏಳು ಬೇರೆ ಬೇರೆ ಕಾಲದ ಏಳು ಕಥೆಗಳಿವೆ, ಯಾವುದನ್ನು ಬೇಕಾದರೂ ಮೊದಲು ಆಡಬಹುದು, ಏಳೂ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಹೇಳಬಾರದು. ಕೆಲವು ಅಧ್ಯಾಯಗಳು ಒಂದು ಗಂಟೆಯಲ್ಲಿಯೇ ಮುಗಿಯುತ್ತವೆ, ಕೆಲವಕ್ಕೆ ಮೂರು ನಾಲ್ಕು ಗಂಟೆ ಬೇಕು. ತಿಂಗಳ ಕೊನೆಗೆ ಒಂದು ಅಧ್ಯಾಯ ಮುಗಿಸಿ ಇಟ್ಟರೆ, ಮತ್ತೆ ಬಂದಾಗ ಹೊಸದೊಂದನ್ನು ತೆರೆಯುತ್ತೀರಿ, ಮರೆಯಲು ಏನೂ ಉಳಿದಿರುವುದಿಲ್ಲ. ಪ್ರತಿ ಕಾಳಗ ಮುಗಿದ ಮೇಲೆ ಗಾಯವೆಲ್ಲ ಮಾಯವಾಗುವುದರಿಂದ, ಔಷಧಿ ಎಷ್ಟು ಉಳಿದಿದೆ, ಶಕ್ತಿ ಎಷ್ಟಿದೆ ಎಂಬ ಲೆಕ್ಕವನ್ನೂ ನೆನಪಿಡಬೇಕಾಗಿಲ್ಲ. ಮೆನುವಿನಿಂದಲೇ ಸೇವ್ ಮಾಡಬಹುದು.

ನಿಮ್ಮ ಮಗಳ ಪ್ರಶ್ನೆಗೂ ಉತ್ತರ ಅದರಲ್ಲಿಯೇ ಇದೆ. ಆದಿಮಾನವರ ಅಧ್ಯಾಯದಲ್ಲಿ ಭಾಷೆ ಇನ್ನೂ ಹುಟ್ಟಿಲ್ಲ. ಪೋಗೊ ಎಂಬ ಗುಹೆಯ ಹುಡುಗನೂ, ಗೋರಿ ಎಂಬ ಅವನ ಗೊರಿಲ್ಲಾ ಗೆಳೆಯನೂ ಕೈಸನ್ನೆ, ಕುಣಿತ, ಗುರುಗುಟ್ಟುವಿಕೆಯಲ್ಲಿಯೇ ಇಡೀ ಕಥೆ ಹೇಳುತ್ತಾರೆ. ಓದಬೇಕಾದ ಸಂಭಾಷಣೆಯೇ ಇಲ್ಲ. ವೈ ಗುಂಡಿ ಒತ್ತಿದರೆ ಪೋಗೊ ಮೂಗರಳಿಸಿ ಗಾಳಿಯನ್ನು ಮೂಸುತ್ತಾನೆ, ಪ್ರಾಣಿ ಎಲ್ಲಿದೆ, ಮನುಷ್ಯ ಎಲ್ಲಿ ಅಡಗಿದ್ದಾನೆ ಎಂಬುದು ವಾಸನೆಯಿಂದ ತಿಳಿಯುತ್ತದೆ. ನನ್ನ ಮಗನಿಗೆ ಆರು ವರ್ಷವಿದ್ದಾಗ ಆ ಗುಂಡಿಯ ಉಸ್ತುವಾರಿ ಅವನದು, ನಡೆಸುವುದು ನನ್ನದು. ಅಡುಗೆಮನೆಯಿಂದ ಬಂದ ನನ್ನ ಅತ್ತೆ, ಇಂಗ್ಲಿಷಿನ ಒಂದಕ್ಷರ ಬಾರದವರು, ಅರ್ಧ ಗಂಟೆ ನಿಂತು ನೋಡಿ, ಆ ಹುಡುಗಿಯನ್ನು ಯಾಕೆ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿದರು. ಕಥೆ ಅವರಿಗೆ ಅಷ್ಟೂ ತಿಳಿದಿತ್ತು. ಕನ್ನಡದಲ್ಲಿ ಜೆಆರ್‌ಪಿಜಿ ಇಲ್ಲದ ಈ ಹೊತ್ತಿನಲ್ಲಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಇಂಥ ಇನ್ನೊಂದು ಅಧ್ಯಾಯ ನನಗೆ ಗೊತ್ತಿಲ್ಲ. ಹಾಸ್ಯ ಅಲ್ಲಲ್ಲಿ ಒರಟಾಗಿದೆ ಎಂಬುದನ್ನು ಮೊದಲೇ ಹೇಳಿರುತ್ತೇನೆ.

ಇದಾದ ಮೇಲೆ ‘ಆಕ್ಟೋಪಾತ್ 2’ ಎಂದೆನಲ್ಲ, ಅದು ಅದರ ಕಾಳಗಕ್ಕಾಗಿ. ಪ್ರತಿ ಎದುರಾಳಿಯ ಕೆಳಗೆ ಒಂದು ಗುರಾಣಿಯ ಚಿತ್ರ, ಅದರಲ್ಲಿ ಒಂದು ಅಂಕಿ, ಪಕ್ಕದಲ್ಲಿ ಪ್ರಶ್ನೆಚಿಹ್ನೆಯ ಕೆಲವು ಚೌಕಗಳು. ಗುರಾಣಿಯಲ್ಲಿ 4 ಎಂದಿದೆ ಎಂದುಕೊಳ್ಳಿ. ಕತ್ತಿಯಿಂದ ಹೊಡೆದಿರಿ, ಏನೂ ಆಗಲಿಲ್ಲ. ಬಿಲ್ಲಿನಿಂದ ಹೊಡೆದಿರಿ, ಒಂದು ಚೌಕದಲ್ಲಿ ಬಿಲ್ಲಿನ ಚಿತ್ರ ಮೂಡಿತು, 4 ಇದ್ದದ್ದು 3 ಆಯಿತು. ಅದು ಸೊನ್ನೆಯಾದರೆ ಎದುರಾಳಿ ತತ್ತರಿಸಿ ಸರದಿ ಕಳೆದುಕೊಳ್ಳುತ್ತಾನೆ, ಆಗ ಬಿದ್ದ ಏಟು ಹೆಚ್ಚು ನಾಟುತ್ತದೆ. ಇತ್ತ ನಿಮ್ಮವರಿಗೆ ಪ್ರತಿ ಸರದಿಗೆ ಒಂದೊಂದು ಬೂಸ್ಟ್ ಅಂಕ ಸೇರುತ್ತ ಹೋಗುತ್ತದೆ. ಐದರವರೆಗೆ ಕೂಡಿಡಬಹುದು, ಒಮ್ಮೆಗೆ ಮೂರರವರೆಗೆ ಖರ್ಚು ಮಾಡಬಹುದು, ಖರ್ಚು ಮಾಡಿದ ಮರುಸರದಿಗೆ ಹೊಸ ಅಂಕ ಬರುವುದಿಲ್ಲ. ಈಗಲೇ ಖರ್ಚು ಮಾಡಿ ಗುರಾಣಿ ಒಡೆಯಬೇಕೇ, ಒಡೆದ ಮೇಲೆ ಬೀಸಲು ಕೂಡಿಡಬೇಕೇ ಎಂಬ ಯೋಚನೆಯನ್ನು ನೀವು ಎರಡು ನಿಲ್ದಾಣಗಳ ನಡುವೆ ಕಣ್ಣು ಮುಚ್ಚಿಕೊಂಡೇ ಮಾಡಬಹುದು. ಕಾಳಗದ ವೇಗ ಹೆಚ್ಚಿಸುವ ಅನುಕೂಲವೂ ಎರಡನೆಯದರಲ್ಲಿದೆ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದರೆ ಕಥೆಗೆ ತೊಂದರೆಯಿಲ್ಲ, ಪಾತ್ರಗಳೂ ನಾಡೂ ಬೇರೆ.

ಮಲೆನಾಡಿನವನು

ಫೈನಲ್ ಫ್ಯಾಂಟಸಿಯ ಮುಖ್ಯ ಸರಣಿಯ ಹೆಸರನ್ನು ಯಾರೂ ಎತ್ತದಿರುವುದು ಆಶ್ಚರ್ಯವಾಯಿತು. 1987ರಿಂದ 1994ರವರೆಗಿನ ಮೊದಲ ಆರು ಆಟಗಳ ಹೊಸದಾಗಿ ತಿದ್ದಿದ ರೂಪಗಳು, ಅಂದರೆ ಪಿಕ್ಸೆಲ್ ರೀಮಾಸ್ಟರ್‌ಗಳು 2023ರ ಏಪ್ರಿಲ್‌ನಲ್ಲಿ ಸ್ವಿಚ್‌ಗೆ ಬಂದವು. ಒಂದೊಂದನ್ನೇ ಬಿಡಿಯಾಗಿ ಕೊಳ್ಳಬಹುದು. ದಾರಿಯಲ್ಲಿ ದಿಢೀರನೆ ಎದುರಾಗುವ ಕಾಳಗಗಳನ್ನು ನಿಲ್ಲಿಸುವ ಆಯ್ಕೆಯಿದೆ, ಅನುಭವದ ಅಂಕಗಳನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು, ಎಲ್ಲಿ ಬೇಕಾದರೂ ತ್ವರಿತವಾಗಿ ಸೇವ್ ಮಾಡಬಹುದು. ತೆಳ್ಳಗಿನ ಅಕ್ಷರ ಓದಲಾಗದವರಿಗೆ ಹಳೆಯ ಆಟಗಳ ದಪ್ಪ ಚುಕ್ಕಿಯ ಅಕ್ಷರವನ್ನು ಆರಿಸಿಕೊಳ್ಳುವ ಅವಕಾಶವನ್ನೂ ಕೊಟ್ಟಿದ್ದಾರೆ.

ನಾನು ಆರನೆಯದರಿಂದ ಶುರುಮಾಡಿ ಎನ್ನುತ್ತೇನೆ. ಹದಿನಾಲ್ಕು ಪಾತ್ರಗಳಿದ್ದೂ ಯಾರೂ ಗುಂಪಿನಲ್ಲಿ ಕಳೆದುಹೋಗುವುದಿಲ್ಲ, ಅರ್ಧ ದಾರಿಯಲ್ಲಿ ಕಥೆ ತೆಗೆದುಕೊಳ್ಳುವ ತಿರುವನ್ನು ಮೂವತ್ತು ವರ್ಷಗಳಾದರೂ ನಾನು ಮರೆತಿಲ್ಲ. ನಾಲ್ಕನೆಯದರಿಂದ ಮುಂದಿನ ಆಟಗಳಲ್ಲಿ ನೀವು ಯೋಚಿಸುತ್ತಿರುವಾಗಲೂ ಎದುರಾಳಿಯ ಹೊತ್ತು ಓಡುತ್ತಿರುತ್ತದೆ, ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಕಾಳಗವನ್ನು ‘ವೇಟ್’ಗೆ ಹಾಕಿಕೊಳ್ಳಿ. ಆಗ ನೀವು ಮಂತ್ರವನ್ನೋ ವಸ್ತುವನ್ನೋ ಹುಡುಕುತ್ತಿರುವಾಗ ಹೊತ್ತು ನಿಲ್ಲುತ್ತದೆ. ಹಳೆಯ ಕೈಗೇಮ್‌ಗಳಾದ ಪಿಎಸ್‌ಪಿ, ವೀಟಾಗಳಲ್ಲೂ ಒಳ್ಳೆಯ ಆಟಗಳಿವೆ, ಆದರೆ ಕೈಯಲ್ಲಿ ಸ್ವಿಚ್ ಇರುವವರಿಗೆ ಈಗ ಅದರ ಅಗತ್ಯವಿಲ್ಲ. 3ಡಿಎಸ್‌ನ ಆನ್‌ಲೈನ್ ಅಂಗಡಿ ಇ-ಶಾಪ್ ಅಂತೂ 2023ರ ಮಾರ್ಚ್‌ನಲ್ಲಿಯೇ ಮುಚ್ಚಿತು.

ಕಡಲಕರೆ

ಉಡುಪಿಯವನು, ಹನ್ನೆರಡು ವರ್ಷಗಳಿಂದ ದುಬೈನಲ್ಲಿದ್ದೇನೆ. ಊರಿಗೆ ಹೋಗುವಾಗಲೆಲ್ಲ ಯಾರಾದರೂ ಒಬ್ಬರು ಆಟದ ಕಾರ್ಟ್ರಿಡ್ಜ್ ತರಲು ಹೇಳುತ್ತಾರೆ, ಆದ್ದರಿಂದ ಕೊಳ್ಳುವ ಬಗ್ಗೆ ಎರಡು ಮಾತು.

ಸ್ವಿಚ್‌ನ ಕಾರ್ಟ್ರಿಡ್ಜ್ ಯಾವ ದೇಶದ್ದಾದರೂ ಯಾವ ದೇಶದ ಯಂತ್ರದಲ್ಲಾದರೂ ಓಡುತ್ತದೆ. ಆದರೆ ಓಡುವುದು ಬೇರೆ, ಅದರೊಳಗೆ ಇಂಗ್ಲಿಷ್ ಇರುವುದು ಬೇರೆ. ಒಮ್ಮೆ ಸೋದರಳಿಯನಿಗೆಂದು ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತೆಗೆದುಕೊಂಡೆ. ಮುಖಪುಟದಲ್ಲಿ ಹೆಸರು ಇಂಗ್ಲಿಷಿನಲ್ಲಿತ್ತು, ಒಳಗೆ ಜಪಾನೀ ಬಿಟ್ಟು ಬೇರೆ ಭಾಷೆಯೇ ಇರಲಿಲ್ಲ. ಮಂಗಳೂರಿನಲ್ಲಿ ಅದನ್ನು ತೆರೆದ ಹುಡುಗನ ಮುಖ ಇನ್ನೂ ಕಣ್ಣಮುಂದಿದೆ. ಈಗ ಪೆಟ್ಟಿಗೆಯ ಹಿಂಬದಿಯ ಭಾಷೆಗಳ ಪಟ್ಟಿ ನೋಡದೆ ನಾನು ಹಣ ಕೊಡುವುದಿಲ್ಲ. ಇನ್ನೊಂದು ಸಂಗತಿ, ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳು ಕಾರ್ಟ್ರಿಡ್ಜ್‌ನ ಪ್ರಾಂತ್ಯದ ಇ-ಶಾಪ್‌ನದೇ ಆಗಿರಬೇಕು, ಇಲ್ಲದಿದ್ದರೆ ಹೊಂದುವುದಿಲ್ಲ. ಲೈಟ್‌ನ ಒಳಸಂಗ್ರಹ 32 ಜಿಬಿ ಮಾತ್ರ. ದೊಡ್ಡ ಆಟಗಳನ್ನು ಡೌನ್‌ಲೋಡ್ ಮಾಡುವುದಾದರೆ ಮೆಮೊರಿ ಕಾರ್ಡ್ ಹಾಕಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವ ಮುನ್ನ ಡೆಮೊ ಆಡಿ. ಈ ಬಗೆಯ ಆಟಗಳ ಡೆಮೊಗಳು ಉದಾರವಾಗಿವೆ. ‘ಆಕ್ಟೋಪಾತ್ 2’ರದು ಮೂರು ಗಂಟೆ, ‘ಡ್ರ್ಯಾಗನ್ ಕ್ವೆಸ್ಟ್ 11 ಎಸ್’ನದು ಸುಮಾರು ಹತ್ತು ಗಂಟೆ, ‘ಲೈವ್ ಎ ಲೈವ್’‌ಗೂ ಡೆಮೊ ಇದೆ. ಮೂರರಲ್ಲಿಯೂ ಆಡಿದ್ದು ಪೂರ್ಣ ಆಟಕ್ಕೆ ಮುಂದುವರಿಯುತ್ತದೆ.

ರಾತ್ರಿಪಾಳಿ

ಡೆಮೊವನ್ನು ಮನೆಯಲ್ಲಿ ಸೋಫಾದ ಮೇಲೆ ಕುಳಿತು ಆಡಿದರೆ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಮೆಟ್ರೋದಲ್ಲಿ, ಬೆಳಿಗ್ಗೆ, ನಿಂತುಕೊಂಡೇ ಆಡಿ ನೋಡಿ. ಕಿಟಕಿಯ ಬಿಸಿಲು ಪರದೆಯ ಮೇಲೆ ಬಿದ್ದಾಗ ಯಾವ ಆಟದ ಗುಹೆ ಕಪ್ಪಾಗಿ ಏನೂ ಕಾಣದಂತಾಗುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಕೆಂಗೇರಿ_ಪಯಣಿಗ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ರಾತ್ರಿಪಾಳಿ ಅವರು ಹೇಳಿದ ಹಾಗೆ ಮೂರೂ ಡೆಮೊಗಳನ್ನು ಮೆಟ್ರೋದಲ್ಲಿಯೇ ಆಡಿದೆ. ‘ಡ್ರ್ಯಾಗನ್ ಕ್ವೆಸ್ಟ್’ನ ಊರುಗಳು ಮನಸ್ಸಿಗೆ ಹಿಡಿಸಿದವು, ಆದರೆ ನಿಂತಾಗ ಆ ವಿಶಾಲ ಬಯಲುಗಳನ್ನು ನೋಡುವ ವ್ಯವಧಾನ ಸಿಗಲಿಲ್ಲ. ಅದನ್ನು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಆಡಲು ಇಟ್ಟುಕೊಂಡಿದ್ದೇನೆ. ‘ಆಕ್ಟೋಪಾತ್ 2’ರ ಗುರಾಣಿಯ ಲೆಕ್ಕ ಎರಡನೆಯ ದಿನಕ್ಕೇ ಹಿಡಿಸಿತು. ಮೂರು ಗಂಟೆ ಮುಗಿದು ಡೆಮೊ ನಿಂತಾಗ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿದ್ದೆ, ಮಿಕ್ಕ ದಾರಿ ಬಹಳ ಉದ್ದವೆನಿಸಿತು.

ಕೊಂಡದ್ದು ‘ಲೈವ್ ಎ ಲೈವ್’. ಪೋಗೊನ ಅಧ್ಯಾಯವನ್ನು ಮಗಳ ಜೊತೆ ಐದು ರಾತ್ರಿಗಳಲ್ಲಿ ಮುಗಿಸಿದೆ. ಮೂಸುವ ಗುಂಡಿ ಅವಳದಾಗಿತ್ತು. ಪರದೆಯಲ್ಲಿ ಅವರು ಮಾಡಿದ ಸನ್ನೆಗಳಿಗೆಲ್ಲ ಅವಳು ತಾನೇ ಕನ್ನಡದಲ್ಲಿ ಮಾತು ಹೊಂದಿಸುತ್ತ ಹೋದಳು. ಕುಲದ ಹಿರಿಯ ಪೋಗೊನನ್ನು ಗದರಿಸಿದಾಗ ಅವಳು ಹೇಳಿದ್ದು ಅವಳ ಅಜ್ಜಿಯ ಧಾಟಿಯಲ್ಲಿತ್ತು. ಮೆಟ್ರೋಗೆಂದು ನಿಂಜಾ ಒಬೊರೊಮಾರುವಿನ ಕೋಟೆಯ ಅಧ್ಯಾಯ ತೆರೆದಿದ್ದೇನೆ, ಯಾರನ್ನೂ ಕೊಲ್ಲದೆ ದಾಟಲು ಪ್ರಯತ್ನಿಸುತ್ತಿದ್ದೇನೆ, ನಾಲ್ಕು ಸಲ ಸಿಕ್ಕಿಬಿದ್ದಿದ್ದೇನೆ. ಇದಾದ ಮೇಲೆ ಪಶ್ಚಿಮದ ಕೌಬಾಯ್‌ಗಳ ಅಧ್ಯಾಯ ಆಡಬೇಕೆಂದಿದೆ. ಅದು ನಿಂತು ಆಡಲು ಆಗುವಂಥದ್ದೇ?

ಹೊಂಗೆನೆರಳು

ಮಗಳ ವಿಷಯ ಓದಿ ಬಹಳ ಸಂತೋಷವಾಯಿತು. ಕೋಟೆಯಲ್ಲಿ ಕಾವಲುಗಾರರು ಬಂದಾಗ ಓಡುವುದಕ್ಕಿಂತ, ಮೈಯನ್ನು ಮರೆಮಾಡಿಕೊಳ್ಳುವ ಬಟ್ಟೆಯನ್ನು ಹೊದ್ದು ಗೋಡೆಗೆ ಸರಿದು ನಿಲ್ಲುವುದೇ ಲೇಸು.

ಕೌಬಾಯ್ ಅಧ್ಯಾಯ ಚಿಕ್ಕದು, ಆದರೆ ಅದನ್ನು ನಿಂತು ಆಡಬೇಡಿ. ದರೋಡೆಕೋರರು ಬರುವ ಮುನ್ನ ಊರಿನ ಗಂಟೆ ಎಂಟು ಸಲ ಹೊಡೆಯುತ್ತದೆ. ಅಷ್ಟರೊಳಗೆ ಮನೆಮನೆಗೆ ನುಗ್ಗಿ ಹಗ್ಗ, ಸಲಿಕೆ, ಎಣ್ಣೆ ಹುಡುಕಿ, ಊರಿನವರಲ್ಲಿ ಯಾರಿಗೆ ಯಾವುದನ್ನು ಕೊಟ್ಟರೆ ಬಲೆ ಬೇಗ ಸಿದ್ಧವಾಗುತ್ತದೆ ಎಂದು ನೋಡಿ ಹಂಚಬೇಕು. ಒಡ್ಡಿದ ಬಲೆಯ ಲೆಕ್ಕಕ್ಕೆ ತಕ್ಕಂತೆ ಕೊನೆಯ ಕಾಳಗದಲ್ಲಿ ಎದುರಾಳಿಗಳು ಕಡಿಮೆಯಾಗುತ್ತಾರೆ. ಎರಡು ಕೈಯೂ ಬೇಕು, ಕಿವಿಗೆ ಇಯರ್‌ಫೋನ್ ಬೇಕು, ಏಕೆಂದರೆ ಗಂಟೆಯ ಸದ್ದನ್ನು ಎಣಿಸುತ್ತಿರಬೇಕು. ಸಂಜೆ ಸೀಟು ಸಿಕ್ಕ ದಿನ ತೆರೆಯಿರಿ. ಇಂದಿರಾನಗರದಲ್ಲಿ ಶುರುಮಾಡಿದರೆ ಮೆಜೆಸ್ಟಿಕ್ ದಾಟುವ ಹೊತ್ತಿಗೆ ನೀವು ಊರಿನೊಳಗೆ ಬಲೆ ಒಡ್ಡುತ್ತಿರುತ್ತೀರಿ.